ನನ್ನ ಗಂಟೆ, ಅವನ ಮೇಜರ್

ಐದನೇ ಸೆಮಿಸ್ಟರಿಗೆ ಬರುವ ಹೊತ್ತಿಗೆ ಹುಡುಗರು ಅರ್ಧ ಪುಟದ ಒಂದು ಅರ್ಜಿ ತುಂಬಿ ಕೊಡಬೇಕಿತ್ತು. ಎರಡು ವರ್ಷ ಸಮಸಮವಾಗಿ ಓದಿದ ಎರಡು ವಿಷಯಗಳಲ್ಲಿ ಯಾವುದು ಮೇಜರ್, ಯಾವುದು ಮೈನರ್ ಎಂದು ಬರೆದು ಸಹಿ ಹಾಕಿದರೆ ಮುಗಿಯಿತು. ತುಂಬಲು ಎರಡು ನಿಮಿಷ ಸಾಕು.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ಕರ್ನಾಟಕ, 2021ರಲ್ಲಿ. ಆ ವರ್ಷ ಬಿ.ಎ. ಸೇರಿದವರಿಗೆ ಮೊದಲಿನ ಹಾಗೆ ಮೂರು ಐಚ್ಛಿಕ ವಿಷಯಗಳಿರಲಿಲ್ಲ, ಎರಡೇ. ಜೊತೆಗೆ ಓಪನ್ ಇಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ, ಯೋಗ ಅಂತ ಚಿಲ್ಲರೆ ಪತ್ರಿಕೆಗಳು. ಮೂರನೇ ವರ್ಷಕ್ಕೆ ಬಂದಾಗ ಒಂದನ್ನು ಮೇಜರ್ ಮಾಡಿಕೊಂಡು ಇನ್ನೊಂದನ್ನು ಮೈನರ್ ಆಗಿ ಇಟ್ಟುಕೊಳ್ಳಬಹುದಿತ್ತು, ಬೇಕಿದ್ದರೆ ಎರಡನ್ನೂ ಮೇಜರ್ ಮಾಡಬಹುದಿತ್ತು. ಕಾಗದದ ಮೇಲೆ ಹೀಗೆ. ಸಣ್ಣ ಊರಿನ ಕಾಲೇಜಿನಲ್ಲಿ ಏನು ನಡೆಯುತ್ತದೆ ಎಂಬುದು, ಪಾಠ ಮಾಡಲು ಯಾರಿದ್ದಾರೆ ಎಂಬುದರ ಮೇಲೆ ಹೋಗುತ್ತದೆ.

ಆ ಪಾಠ ಮಾಡುವವರಲ್ಲಿ ನಾನೊಬ್ಬ. ಇತಿಹಾಸದ ಅತಿಥಿ ಉಪನ್ಯಾಸಕ. ಮನೆ ಅಂಕೋಲೆಯಲ್ಲಿ, ಕೆಲಸ ಕಾರವಾರದ ಕಡೆಯ ಒಂದು ಕಾಲೇಜಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಅವರ್ಸಾ, ಅಮದಳ್ಳಿ, ಅರ್ಗಾದ ನೌಕಾನೆಲೆಯ ಗೇಟು ದಾಟಿ ಬಿಣಗಾ ಬರುವಷ್ಟರಲ್ಲಿ ಆ ದಿನದ ಪಾಠ ಒಮ್ಮೆ ಮನಸ್ಸಿನಲ್ಲಿ ಓಡಿ ಮುಗಿದಿರುತ್ತದೆ.

ಹೊರಗಿನವರಿಗೆ ನಮ್ಮ ಲೆಕ್ಕ ಗೊತ್ತಿರುವುದಿಲ್ಲ. ಕಾಯಂ ಉಪನ್ಯಾಸಕರು ತಮ್ಮ ಪಾಲಿನ ಕಾರ್ಯಭಾರ ತೆಗೆದುಕೊಂಡ ಮೇಲೆ ಮಿಕ್ಕಿದ ಗಂಟೆಗಳು ನಮಗೆ. 2022ರ ಜನವರಿಯಲ್ಲಿ ಸರ್ಕಾರ ನಮ್ಮ ಗೌರವಧನ ಏರಿಸಿತು. ಹನ್ನೊಂದು, ಹದಿಮೂರು ಸಾವಿರ ಇದ್ದದ್ದು ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರದವರೆಗೆ ಹೋಯಿತು. ಅದೇ ಆದೇಶದಲ್ಲಿ ವಾರಕ್ಕೆ 15 ಗಂಟೆ ಪಾಠ ಎಂಬ ಸಾಲೂ ಇತ್ತು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಗಂಟೆ ಈಗ ಒಬ್ಬನಿಗೇ ಬೇಕಾಯಿತು. ಎಷ್ಟೋ ಜನ ಮನೆಗೆ ಹೋದರು. ಉಳಿದವರು ಗಂಟೆ ಎಣಿಸುವುದನ್ನು ಕಲಿತೆವು. ನಮ್ಮ ವಿಷಯಕ್ಕೆ ಹುಡುಗರು ಕಡಿಮೆಯಾದರೆ ಪತ್ರಿಕೆ ನಿಲ್ಲುತ್ತದೆ, ಪತ್ರಿಕೆ ನಿಂತರೆ ಗಂಟೆ ಹೋಗುತ್ತದೆ. ಓಪನ್ ಇಲೆಕ್ಟಿವ್ ಆರಿಸುವ ದಿನಗಳಲ್ಲಿ ವರಾಂಡದಲ್ಲಿ ನಿಂತು ಹುಡುಗರನ್ನು ಕರೆಯುತ್ತಿದ್ದವರನ್ನು ನೋಡಿದರೆ ಪಂಚಾಯತಿ ಚುನಾವಣೆ ಬಂತೇನೋ ಅನಿಸಬೇಕು. ನಾನೂ ನಿಂತಿದ್ದೇನೆ.

ಆ ಬ್ಯಾಚಿನಲ್ಲಿ ಇತಿಹಾಸ–ಅರ್ಥಶಾಸ್ತ್ರ ಓದುತ್ತಿದ್ದ ಒಬ್ಬ ಹುಡುಗನಿದ್ದ. ಬೇಲೆಕೇರಿ ಕಡೆಯವನು, ಮೀನುಗಾರರ ಮನೆ. ಸೋದರಮಾವನ ಬೋಟಿನ ಲೆಕ್ಕ ಬರೆಯುವುದು ಇವನ ಕೆಲಸ. ಒಮ್ಮೆ ನೋಟ್ಸು ತೋರಿಸಲು ಬಂದವನು ಅವಸರದಲ್ಲಿ ಬೇರೆ ಪುಸ್ತಕ ಕೊಟ್ಟುಬಿಟ್ಟ. ಇನ್ನೂರು ಪುಟದ ಅಡ್ಡಗೆರೆಯ ಪುಸ್ತಕ, ರಟ್ಟಿನ ಮೇಲೆ ಡೀಸೆಲಿನ ಕಲೆ. ಒಳಗೆ ಒಂದೊಂದು ಟ್ರಿಪ್ಪಿಗೆ ಒಂದೊಂದು ಪುಟ. ಮೇಲೆ ಮೀನು ಮಾರಿ ಬಂದ ಹಣ. ಅದರ ಕೆಳಗೆ ಡೀಸೆಲ್, ಐಸು, ರೇಷನ್ನು ಕಳೆದದ್ದು. ಮಿಕ್ಕಿದ್ದರಲ್ಲಿ ಬೋಟಿನ ಪಾಲು, ತಾಂಡೇಲನ ಪಾಲು, ಆಳುಗಳ ಪಾಲು. ಇಷ್ಟು ಯಾವ ಬೋಟಿನ ಪುಸ್ತಕದಲ್ಲೂ ಇರುತ್ತದೆ. ಇವನು ಬಲಗಡೆ ಇನ್ನೊಂದು ಸಾಲು ಎಳೆದುಕೊಂಡಿದ್ದ. ಅದರಲ್ಲಿ ಆ ದಿನ ಬಂಗಡೆ ಬುಟ್ಟಿಗೆ ಎಷ್ಟು, ಹಿಂದಿನ ವರ್ಷ ಅದೇ ವಾರ ಎಷ್ಟಿತ್ತು ಎಂದು ಬರೆದಿದ್ದ.

‘ಸರ್, ಇಲ್ಲಿ ನೋಡಿ. ಜಾಸ್ತಿ ಮೀನು ಬಿದ್ದ ವಾರವೇ ಪಾಲು ಕಮ್ಮಿ ಬಂದದೆ. ಹಿಂಗೆ ಬಪ್ಪುದಕ್ಕೆ ಒಂದು ಲೆಕ್ಕ ಇರಬೇಕಲ್ಲ?’

ಇತ್ತು. ಆ ಲೆಕ್ಕ ಕಲಿಸುವ ವಿಭಾಗ ಎರಡು ಕೋಣೆ ಆಚೆ ಇತ್ತು. ಅಲ್ಲಿಗೆ ಹೋಗು ತಮಾ ಅನ್ನಬೇಕಿತ್ತು ನಾನು.

ಅರ್ಥಶಾಸ್ತ್ರವನ್ನೇ ಮೇಜರ್ ಮಾಡಿಕೊಂಡು ಧಾರವಾಡಕ್ಕೆ ಹೋಗಿ ಎಂ.ಎ. ಮಾಡಬೇಕೆಂದು ಅವನ ಮನಸ್ಸಿನಲ್ಲಿತ್ತು. ಇತಿಹಾಸ ಮೈನರ್ ಆಗಿ ಇರಲಿ, ಕೇಳಲು ಚೆನ್ನಾಗಿರುತ್ತದೆ ಎಂದು ನನ್ನ ಮುಖ ನೋಡಿ ನಕ್ಕಿದ್ದ. ಅವನೊಬ್ಬ ಹೋದರೆ ನನಗೇನೂ ಆಗುತ್ತಿರಲಿಲ್ಲ. ಆದರೆ ಅವನು ಹೋದ ಕಡೆ ಅವನ ಜೊತೆ ಬಸ್ಸಿಗೆ ಬರುವ ಹುಡುಗರೆಲ್ಲ ಹೋಗುತ್ತಿದ್ದರು. ಅವರೆಲ್ಲ ಹೋದರೆ ಇತಿಹಾಸ ಮೇಜರ್ ಎಂಬುದೇ ಆ ವರ್ಷ ನಡೆಯುವುದು ಅನುಮಾನ.

ಆಮೇಲೆ ನಾನು ಮಾಡಿದ್ದು ಗಾಳಕ್ಕೆ ಸಿಗಡಿ ಸಿಕ್ಕಿಸುವ ಕೆಲಸ. ಅವನಿಗೆ ಬೇಕಾದದ್ದೇನು ಎಂದು ಗೊತ್ತಿತ್ತಲ್ಲ, ಅದನ್ನೇ ಇತಿಹಾಸದ ಹೆಸರಲ್ಲಿ ಕೊಡುತ್ತ ಹೋದೆ. ಕ್ಲಾಸಿನ ಆಚೆ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂರಿಸಿಕೊಂಡು ಹೇಳುತ್ತಿದ್ದೆ. ಇಂಗ್ಲಿಷರು ಕಾರವಾರದಲ್ಲಿ 1638ರಲ್ಲೇ ಕೋಠಿ ತೆರೆದದ್ದು ಕಾಳುಮೆಣಸಿಗಾಗಿ, ಘಟ್ಟದ ಮೇಲಿನಿಂದ ಬರುವ ಬಟ್ಟೆಗಾಗಿ. ಅದು ಬಿಡು, 1860ರ ದಶಕ ನೋಡು. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಇಲ್ಲ. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಹಡಗು ಹತ್ತಿಸಲು ಒಂದು ಬಂದರು ಬೇಕು. ಆ ಲೆಕ್ಕದಲ್ಲೇ 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅಂಕೋಲೆಯವನು ಯಾವ ಕಚೇರಿಗೆ ಅರ್ಜಿ ಬರೆಯಬೇಕು ಎಂಬುದನ್ನು ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರ ನಿರ್ಧರಿಸಿತು! ಯುದ್ಧ ಮುಗಿಯಿತು, ಹತ್ತಿಯ ದರ ಇಳಿಯಿತು, ಕೊನೆಗೆ ರೈಲು ಗೋವೆಯ ಮುರ್ಮುಗಾವಿಗೆ ಹೋಯಿತು. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆ ಬಂದಾಗ.

ಹುಡುಗ ಚಹಾ ಆರಿಸಿಕೊಂಡು ಕೂತಿರುತ್ತಿದ್ದ. ಇನ್ನೊಂದು ದಿನ ಉಪ್ಪು. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದರು ಎಂದು ಎಲ್ಲರೂ ಭಾಷಣ ಮಾಡುತ್ತಾರೆ. ಅದರ ಹಿಂದೆಯೇ ಕರ ನಿರಾಕರಣೆ ಬಂತು, ತೀರ್ವೆ ಕೊಡೆವು ಎಂದ ರೈತರ ಗದ್ದೆ ಜಪ್ತಿಯಾಯಿತು, ಆ ಮನೆಗಳು ಏನು ತಿಂದು ಬದುಕಿದವು ಎಂದು ಯಾರೂ ಲೆಕ್ಕ ಹಾಕಿಲ್ಲ, ನೀನು ಹಾಕು. ಮತ್ತೊಂದು ದಿನ ಅವನದೇ ಊರು: 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಕಬ್ಬಿಣದ ಅದಿರು ಕಾಣೆಯಾದದ್ದು. ಅದಿರಿನ ಲಾರಿಯ ಕೆಂಪು ದೂಳು ಅವನಿಗೆ ನೆನಪಿತ್ತು, ಅವನಾಗ ಸಣ್ಣವನು.

ಇದರಲ್ಲಿ ಒಂದೂ ಸುಳ್ಳಲ್ಲ. ಅದೇ ನನಗೆ ಆಗ ಧೈರ್ಯ ಕೊಟ್ಟದ್ದು, ಈಗ ಹೆಚ್ಚು ಚುಚ್ಚುವುದು. ಈ ಕಥೆಗಳೆಲ್ಲ ನಿಜಕ್ಕೆ ಹೇಳುತ್ತಿದ್ದದ್ದು ಏನು? ಅರ್ಥಶಾಸ್ತ್ರ ಮೇಜರ್ ಮಾಡಿಕೊಂಡ ಹುಡುಗನಿಗೆ ಇತಿಹಾಸ ಯಾಕೆ ಒಳ್ಳೆಯ ಮೈನರ್ ಎಂದು. ಅವನು ಆರಿಸಿಕೊಂಡದ್ದೇ ಸರಿಯಿತ್ತು. ಅವನ ಆಯ್ಕೆಗಿದ್ದ ಸಮರ್ಥನೆಯನ್ನೇ ನಾನು ಅದರ ವಿರುದ್ಧ ಬಳಸಿದೆ.

ಸಿಲೆಬಸ್ಸಿನ ಮಾತು ಎತ್ತಲೇ ಇಲ್ಲ. ಐದು ಮತ್ತು ಆರನೇ ಸೆಮಿಸ್ಟರಿನ ಪಠ್ಯಕ್ರಮ ನನ್ನ ಮೊಬೈಲಿನಲ್ಲೇ ಇತ್ತು. ಅದರಲ್ಲಿ ಕಾರವಾರದ ಹತ್ತಿಯಾಗಲಿ ಬೇಲೆಕೇರಿಯ ಅದಿರಾಗಲಿ ಇರಲಿಲ್ಲ. ರಾಜವಂಶ, ಆಡಳಿತ, ಇತಿಹಾಸ ಬರೆಯುವ ವಿಧಾನಗಳು, ಹೀಗೆ. ಅದನ್ನು ಪ್ರೀತಿಸಿ ಓದುವವರಿದ್ದಾರೆ, ನಾನೇ ಓದಿದ್ದೇನೆ. ಅವನು ಆ ಜಾತಿಯ ಓದುಗನಲ್ಲ ಎಂದು ಬೋಟಿನ ಪುಸ್ತಕ ನೋಡಿದ ದಿನವೇ ನನಗೆ ಗೊತ್ತಾಗಿತ್ತು.

ಅರ್ಥಶಾಸ್ತ್ರದ ಮೇಷ್ಟ್ರು ಅವನನ್ನು ಕರೆದು ಒಂದು ಮಾತೂ ಹೇಳಲಿಲ್ಲ. ಅವರು ಕಾಯಂ, ಅವರ ಗಂಟೆ ತುಂಬಿತ್ತು, ಹುಡುಗ ಬಂದರೂ ಸರಿ ಬರದಿದ್ದರೂ ಸರಿ. ಸ್ವಾರ್ಥವಿಲ್ಲದವರು ಬಾಯಿ ಬಿಡುವುದಿಲ್ಲ. ನನ್ನಂಥವರು ಚಹಾ ಕುಡಿಸಿ ಮಾತಾಡುತ್ತೇವೆ. ಹುಡುಗರು ಇದನ್ನು ಅಕ್ಕರೆ ಅಂದುಕೊಳ್ಳುತ್ತಾರೆ. ಅಕ್ಕರೆ ಇರಲಿಲ್ಲ ಅಂತಲೂ ನಾನು ಹೇಳುವುದಿಲ್ಲ, ಎರಡೂ ಬೆರೆತಿತ್ತು.

ಅವನು ಅರ್ಜಿಯಲ್ಲಿ ಇತಿಹಾಸ ಮೇಜರ್, ಅರ್ಥಶಾಸ್ತ್ರ ಮೈನರ್ ಎಂದು ಬರೆದ. ಜೊತೆಯವರೂ ಬರೆದರು. ನನ್ನ 15 ಗಂಟೆ ಭದ್ರವಾಯಿತು.

2023ರ ನವೆಂಬರಿನಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿದರು. ನಾನೂ ಸೇರಿದೆ. ಬೇಡಿಕೆ ನ್ಯಾಯದ್ದೇ, ಆ ಬಗ್ಗೆ ಈಗಲೂ ನನಗೆ ಎರಡು ಮಾತಿಲ್ಲ. ಆದರೆ ಅದೇ ಅವನ ಐದನೇ ಸೆಮಿಸ್ಟರು. ನಾನು ಹೇಳಿ ಹಿಡಿಸಿದ ಮೇಜರಿಗೆ ಪಾಠ ಮಾಡುವವನು ನಾನೇ, ನಾನೇ ಹೊರಗೆ ಕೂತಿದ್ದೆ. ಮೈನರಿನ ಪಾಠ ಮಾತ್ರ ದಿನವೂ ನಡೆಯುತ್ತಿತ್ತು, ಕಾಯಂ ಮೇಷ್ಟ್ರಲ್ಲವೇ! ವಾಪಸು ಬಂದ ಮೇಲೆ ನಾನು ಪಾಠವನ್ನು ಓಡಿಸಿದೆ. ಹುಡುಗ ಕೊನೆಯ ಬೆಂಚಿಗೆ ಹೋಗಿದ್ದ. ಇತಿಹಾಸದ ಒಂದು ಪತ್ರಿಕೆ ಉಳಿಯಿತು. ಅರ್ಥಶಾಸ್ತ್ರದಲ್ಲಿ ತರಗತಿಗೇ ಹೆಚ್ಚು ಅಂಕ.

ಬೆಸ ಸೆಮಿಸ್ಟರಿನ ಪತ್ರಿಕೆ ಉಳಿದರೆ ಮುಂದಿನ ಬೆಸ ಸೆಮಿಸ್ಟರಿನ ಪರೀಕ್ಷೆಯವರೆಗೆ ಕಾಯಬೇಕು. 2024ರಲ್ಲಿ ಆರನೇ ಸೆಮಿಸ್ಟರು ಪಾಸಾದರೂ ಕೈಯಲ್ಲಿ ಡಿಗ್ರಿ ಇಲ್ಲ. ಆ ವರ್ಷದ ಧಾರವಾಡದ ಪ್ರವೇಶ ಹೋಯಿತು. ಮೀನುಗಾರಿಕೆ ನಿಷೇಧದ ಜೂನ್, ಜುಲೈ ಎರಡು ತಿಂಗಳು ಬೋಟು ದಡದಲ್ಲಿರುತ್ತದೆ, ಲೆಕ್ಕದ ಪುಸ್ತಕಕ್ಕೂ ರಜೆ. ಅವನು ಗೋವೆಗೆ ಹೋಗಿ ವೆರ್ಣಾದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಸೇರಿದ.

ಅವನ ತಾಯಿ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಾರೆ. ನಾನು ಅವರಲ್ಲೇ ಕೊಳ್ಳುವವನು. ಆ ಮಳೆಗಾಲದಲ್ಲಿ ಒಂದು ದಿನ ತಾರ್ಲೆ ಕೊಡುತ್ತ, ತಲೆ ಎತ್ತದೆ ಕೇಳಿದರು: ‘ಮಾಸ್ತರರೇ, ನಮ್ಮ ಮಗಂಗೆ ಲೆಕ್ಕ ಚಲೋ ಬತ್ತಿತ್ತಲ್ಲ. ಇತಿಹಾಸ ಎಂತಕ್ಕೆ ಹಿಡಸದ್ರಿ?’

ನಾನು ಅಂದೆ: ‘ಸ್ಪರ್ಧಾತ್ಮಕ ಪರೀಕ್ಷೆಗೆ ಇತಿಹಾಸ ಬೇಕಾಗ್ತದೆ ಅಮ್ಮಾ.’

‘ಹೌದನ್ರಿ,’ ಎಂದು ಇನ್ನೆರಡು ತಾರ್ಲೆ ತಕ್ಕಡಿಗೆ ಹಾಕಿದರು.

ಆ ಪರೀಕ್ಷೆಯ ಸಾಮಾನ್ಯ ಜ್ಞಾನದ ಪತ್ರಿಕೆಗೆ ಬೇಕಾದ ಇತಿಹಾಸವನ್ನು ಮೈನರ್ ಓದಿದವನೂ ಓದಿಕೊಳ್ಳಬಹುದು, ಏನೂ ಓದದ ಎಂಜಿನಿಯರನೂ ಓದಿಕೊಳ್ಳುತ್ತಾನೆ. ಗೊತ್ತಿದ್ದೇ ಹೇಳಿದೆ. ಹುಡುಗನಿಗೆ ಚಹಾದಂಗಡಿಯಲ್ಲಿ ಹೇಳಿದ್ದಕ್ಕೆ ನಿಜದ ಆಧಾರವಾದರೂ ಇತ್ತು, ಇದಕ್ಕೆ ಅದೂ ಇಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ‘ಆ ಹೆಂಗಸಿಗೆ ಹೇಳುವುದನ್ನು ನನಗೆ ಯಾಕೆ ಹೇಳ್ತೀರಿ?’ ಅಂದಳು. ಮುಂದಿನ ಸಂತೆಯ ದಿನ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ: ನನ್ನ ಗಂಟೆ ಹೋಗುತ್ತಿತ್ತು, ಅದಕ್ಕೇ. ಅವರಿಗೆ ಗಂಟೆ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಯಿತು. ಕೂಲಿಯ ಲೆಕ್ಕ ಎಂದಾಗ ತಟ್ಟನೆ ಅರ್ಥವಾಯಿತು. ಬೈಯಲಿಲ್ಲ. ಆದರೆ ಅವತ್ತಿನಿಂದ ನನಗೆ ಮೀನು ಮೇಲೆ ಹಾಕುವುದಿಲ್ಲ, ತೂಕಕ್ಕೆ ಸರಿಯಾಗಿ ಕೊಡುತ್ತಾರೆ.

ಮೇಜರ್–ಮೈನರ್ ಎಂಬ ಆ ಅರ್ಧ ಪುಟದ ಅರ್ಜಿ ಹೊಸ ಹುಡುಗರಿಗಿಲ್ಲ. ರಾಜ್ಯ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗ ಮಧ್ಯಂತರ ವರದಿ ಕೊಟ್ಟಿತು. 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷಕ್ಕೆ, ಮೂರು ವಿಷಯಕ್ಕೆ ಮರಳಿತು. ಹಳೆಯ ನೀತಿಯಡಿ ಸೇರಿದವು 2021, 22, 23ರ ಮೂರೇ ಬ್ಯಾಚು. ಪ್ರೌಢಶಾಲೆ ಶಿಕ್ಷಕರ ಹುದ್ದೆಗೆ ಪಿಸಿಎಂ, ಸಿಬಿಝಡ್ ಎಂದು ಮೂರು ಅಕ್ಷರದಲ್ಲಿ ಕರೆಯುವ ರಾಜ್ಯದಲ್ಲಿ ಎರಡೇ ವಿಷಯದ ಅಂಕಪಟ್ಟಿ ಹಿಡಿದು ನಿಂತವರು ಇವರು.

ನೀತಿ ಬದಲಾದರೂ ವರಾಂಡ ಹಾಗೇ ಇದೆ. ಮೂರು ವಿಷಯದಲ್ಲಿ ಯಾವ ಜೋಡಣೆ ತೆಗೆದುಕೊಳ್ಳಲಿ ಎಂದು ಈಗಲೂ ಕೇಳುತ್ತಾರೆ. ನಾನು ಮೊದಲು ನನ್ನ ಗಂಟೆ ಹೇಳಿಬಿಡುತ್ತೇನೆ: ನೀನು ಬಂದರೆ ನನಗೆ ಲಾಭ, ಅದನ್ನು ಕಳೆದು ನನ್ನ ಮಾತು ಕೇಳು. ಆಮೇಲೆ ಕೊನೆಯ ವರ್ಷದ ಸಿಲೆಬಸ್ಸು ತೆಗೆಸಿ ಓದಿಸುತ್ತೇನೆ. ಮೊದಲ ಸೆಮಿಸ್ಟರಿನದಲ್ಲ; ಅದು ಎಲ್ಲ ವಿಷಯದಲ್ಲೂ ಚೆನ್ನಾಗಿಯೇ ಇರುತ್ತದೆ. ಮುಂದೆ ಎಂ.ಎ. ಎಲ್ಲಿ ಮಾಡುತ್ತೀಯೋ ಅಲ್ಲಿಯ ಪ್ರವೇಶದ ಅಧಿಸೂಚನೆ ನೋಡು, ಆ ವಿಷಯದ ಮೇಷ್ಟ್ರು ಮುಂದಿನ ವರ್ಷ ಈ ಕಾಲೇಜಿನಲ್ಲಿ ಇರುತ್ತಾರೋ ಕೇಳು, ಕಳೆದ ವರ್ಷ ಅದನ್ನೇ ಓದಿದವರನ್ನು ಹುಡುಕು ಅನ್ನುತ್ತೇನೆ. ಎರಡನೆಯ ವಿಷಯವನ್ನು ಬಿಟ್ಟೇಬಿಡು ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ. ಬಂಗಡೆಯ ದರ ಬರೆಯುವವನಿಗೆ 1862 ಗೊತ್ತಿದ್ದರೆ ಒಳ್ಳೆಯದೇ.

ಹುಡುಗ ಉಳಿದ ಪತ್ರಿಕೆಯನ್ನು ಮುಂದಿನ ಪರೀಕ್ಷೆಯಲ್ಲಿ ಪಾಸು ಮಾಡಿಕೊಂಡ. ವೆರ್ಣಾದಲ್ಲೇ ಇದ್ದಾನೆ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಎಂ.ಎ. ಕಟ್ಟಬಹುದೇ ಎಂದು ಕೇಳಿ ಫೋನ್ ಮಾಡಿದ್ದ. ಅರ್ಥಶಾಸ್ತ್ರದ ಮೇಷ್ಟ್ರ ನಂಬರು ಕೊಟ್ಟೆ, ಪ್ರಾಸ್ಪೆಕ್ಟಸ್ ನೀನೇ ಓದು ಅಂದೆ. ‘ಅಡ್ಡಿಲ್ಲ ಸರ್,’ ಅಂದ. ‘ಬೋಟಿನ ಲೆಕ್ಕ ಈಗ ಯಾರು ಬರೆಯುತ್ತಾರೆ?’ ಎಂದು ಕೇಳಿದೆ. ತಂಗಿ ಬರೆಯುತ್ತಾಳಂತೆ, ಪಿಯುಸಿ ಕಾಮರ್ಸು.