ನುಡಿ ಕೆಡದ ದನಿ



ಆಂಪ್ಲಿಫೈಯರಿನ ಧರ್ಮ ಒಂದೇ: ಬಂದ ದನಿಯನ್ನು ಹಿಗ್ಗಿಸಬೇಕು, ತನ್ನದೇನನ್ನೂ ಬೆರೆಸಬಾರದು. ವಿದ್ಯಾನಗರದ ನಮ್ಮ ವಚನಗೋಷ್ಠಿಯಲ್ಲಿ ಹಿಂದೆ ಕೂರುವ ಹಿರಿಯರಿಗೆ ಮಾತು ಸ್ಪಷ್ಟವಾಗಿ ಕೇಳದಿದ್ದುದರಿಂದ ಅದನ್ನು ಕೈಯಾರೆ ಕಟ್ಟಲು ಹೊರಟೆ. ಬಿಡಿಭಾಗಗಳನ್ನು ಆಯುವಾಗ ಈ ಧರ್ಮವೇ ಒರೆಗಲ್ಲಾಯಿತು.

ಟಿಡಿಎ 2030ಎ ಎಂಬ ಐಸಿ 4 ಓಮ್ ಸ್ಪೀಕರಿಗೆ ಸುಮಾರು 18 ವ್ಯಾಟ್ ಕೊಡಬಲ್ಲದು. ನಮ್ಮ ಕೋಣೆಗೆ ಅಷ್ಟು ಸಾಕು. ಅದು ತಾಳುವ ಗರಿಷ್ಠ ವಿದ್ಯುತ್ತು ಧನ-ಋಣ 22 ವೋಲ್ಟ್. ಹೆಚ್ಚು ಬಲದ ಆಸೆಯಿಂದ 15-0-15 ಟ್ರಾನ್ಸ್‌ಫಾರ್ಮರ್ ಹಾಕಿದರೆ, ಎಸಿ ಡಿಸಿಯಾದಾಗ ಆ 15 ವೋಲ್ಟ್ 20ರ ಮೇಲೇರುತ್ತದೆ. ಹಾಡು ನಿಂತು ಭಾರ ತಗ್ಗಿದಾಗ 22ರ ಗಡಿಯನ್ನೂ ದಾಟೀತು. 12-0-12 ಆದರೆ ಸುಮಾರು 16 ವೋಲ್ಟ್. ಅದನ್ನೇ ಆಯ್ದೆ. ಗುಂಯ್ಗುಡುವಿಕೆ ಅಡಗಲು 4700 ಮೈಕ್ರೋಫ್ಯಾರಡ್, 35 ವೋಲ್ಟಿನ ಎರಡು ಕೆಪಾಸಿಟರುಗಳು. ಐಸಿಯ ಬೆನ್ನು ಋಣಕ್ಕೆ ಸೇರಿರುವುದರಿಂದ ಹೀಟ್‌ಸಿಂಕಿನ ನಡುವೆ ಮೈಕಾ ಹಾಳೆ.

ತನ್ನ ಮಿತಿ ಮೀರಿ ದನಿಯೇರಿಸಿದರೆ ಆಂಪ್ಲಿಫೈಯರು ಅಲೆಯ ತುದಿಯನ್ನೇ ಕತ್ತರಿಸುತ್ತದೆ. ಸದ್ದು ದೊಡ್ಡದಾಗುತ್ತದೆ, ನುಡಿ ಒಡೆಯುತ್ತದೆ. ವಚನವಾದರೋ ಮೊದಲು ನುಡಿ, ಆಮೇಲೆ ಹಾಡು. 12ನೆಯ ಶತಮಾನದ ಶರಣರು ಜನರ ಆಡುಮಾತನ್ನು ಆಯ್ದುಕೊಂಡದ್ದು ಎಲ್ಲರಿಗೂ ಅರ್ಥವಾಗಲೆಂದೇ.

ವಚನಕ್ಕೆ ವ್ಯಾಖ್ಯಾನ ಬರೆಯುವವನ ಕೆಲಸವೂ ಇದಕ್ಕಿಂತ ಬೇರೆಯಲ್ಲ. ಶರಣರ ನುಡಿಯನ್ನು ದೂರದ ಕಿವಿಗೆ ಮುಟ್ಟಿಸುವುದಷ್ಟೇ ಅವನ ಪಾಲು. ಅದರಲ್ಲಿ ಪಾಂಡಿತ್ಯದ ಗುಂಯ್ಗುಡುವಿಕೆ ಬೆರೆತರೆ ಕೇಳುಗನಿಗೆ ಉಳಿಯುವುದು ಸದ್ದು ಮಾತ್ರ. ಎಂ.ಎ. ಓದಿ ಈ ಕಾಯಕಕ್ಕೆ ನಿಂತಿರುವ ನನಗೆ ಪ್ರತಿ ಸಾಲಿನಲ್ಲಿಯೂ ಈ ಎಚ್ಚರ ಬೇಕು.