ಎರಡನೇ ಪಾಟಿ

ನನ್ನ ಮಗಳು ಜ್ವರದಿಂದ ಎದ್ದ ಸಮಯದಲ್ಲಿ, ಬಚ್ಚಲೊಲೆಗೆ ಒಣಸೋಗೆ ತುರುಕುತ್ತ ದೊಡ್ಡಾಯಿ ಇದನ್ನು ಹೇಳಿದಳು. ನನ್ನ ವಯಸ್ಸಿನ ಮಾಣಿಯೊಬ್ಬ ಅವಳಿಗಿದ್ದ ಎಂದು ಗೊತ್ತಿತ್ತು. ಅವ ಹೋದ ರಾತ್ರಿಯ ಸಂಗತಿ ಗೊತ್ತಿರಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತಲ್ಲ, ಅದಕ್ಕೂ ಹಿಂದಿನ ಒಂದು ಆಷಾಢ. ಶರಾವತಿ ಕೆಂಪಗೆ ತುಂಬಿತ್ತು. ಒಂದೂವರೆ ವರ್ಷದ ಮಗುವಿಗೆ ಬಿಡದ ಜ್ವರ. ಗೇರುಸೊಪ್ಪೆ ಕಡೆಯ ನಮ್ಮವರಿಗೆ ಹೊನ್ನಾವರ ಪೇಟೆಗೆ ಹೊಳೆಯೇ ದಾರಿ. ದೊಡ್ಡಪ್ಪ ಅಂಬಿಗನನ್ನು ಎಬ್ಬಿಸಿದ. ದೊಡ್ಡಾಯಿ ಕಂಬಳಿಕೊಪ್ಪೆಯೊಳಗೆ ಮಗುವನ್ನು ಅವುಚಿ ಕೂತಳು. ಪೇಟೆಯ ದೀಪ ಕಾಣುವ ಮೊದಲೇ ಮೈ ತಣ್ಣಗಾಯಿತು. ಅಂಬಿಗ ಮಾತಾಡದೆ ದೋಣಿ ತಿರುಗಿಸಿ, ದಡದಂಚು ಹಿಡಿದು, ಬೆಳಗಿನ ತನಕ ಹುಟ್ಟು ಹಾಕಿದ.

ಎರಡು ತುಂಬದ ಮಗುವನ್ನು ಸುಡುವುದಿಲ್ಲ, ಬೇಣದಲ್ಲಿ ಹೂಳಿದರು. ಅಷ್ಟು ಚಿಕ್ಕವರಿಗೆ ವರ್ಷದ ತಿಥಿಯೂ ಇಲ್ಲ. ಹೆತ್ತವಳಿಗೆ ಅಳಲಿಕ್ಕೊಂದು ದಿನವಾದರೂ ಬೇಡವೇ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ. 1960ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಐದು ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು. ‘ಎಲ್ಲರ ಮನೆಯಲ್ಲೂ ಇದ್ದದ್ದೇ’ ಎಂದರು ಹಿರಿಯರು. ಎಲ್ಲರ ಮನೆಯಲ್ಲೂ ಇದ್ದರೆ ಇವಳದ್ದು ಕಡಿಮೆಯಾಗುತ್ತದೆಯೇ? ಧಾರವಾಡದ ಬೇಂದ್ರೆಯವರು ಮಗು ತೀರಿಕೊಂಡಾಗ ಹೆಂಡತಿಯ ನೋಟ ತಾಳಲಾರದೆ ಪದ್ಯ ಬರೆದರು. ದೊಡ್ಡಪ್ಪನಿಗೂ ಆ ನೋಟ ತಾಳಲಾಗಲಿಲ್ಲ. ಹೊತ್ತು ಮೂಡುವ ಮೊದಲೇ ತೋಟಕ್ಕಿಳಿದು ಕತ್ತಲಾದ ಮೇಲೆ ಬರುತ್ತಿದ್ದ. ಮನೆಯಲ್ಲಿ ಮಗುವಿನ ಹೆಸರೆತ್ತುವವರೇ ಇರಲಿಲ್ಲ.

ಎತ್ತಿದವನು ಅಂಬಿಗ. ಅಡಿಕೆ ಮೂಟೆ ಒಯ್ಯಲು ಬಂದವ ಅಂಗಳದಲ್ಲಿ ನಿಂತು ಕೇಳಿದ: “ಅಮ್ಮಾ, ಮಾಣಿಗೆ ಹೆಸ್ರು ಎಂತ ಇಟ್ಟಿದ್ರಿ?”

ಇಡಗುಂಜಿ ಗಣಪತಿಯ ಹೆಸರು. ಹೇಳಿದಳು. ಅಷ್ಟಕ್ಕೇ ನಿಲ್ಲಲಿಲ್ಲ, ಅವ ಕರುವಿನ ಕಿವಿ ಹಿಡಿದು ಎದ್ದು ನಿಲ್ಲುತ್ತಿದ್ದದ್ದು, ಬೆಲ್ಲಕ್ಕೆ ಕೈಚಾಚುತ್ತಿದ್ದದ್ದು, ಎಲ್ಲ ಹೇಳಿದಳು. ಮೂಟೆ ಅಲ್ಲೇ ಬಿಟ್ಟು ಅಂಬಿಗ ಕೂತು ಕೇಳಿದ. ಅವನೂ ಒಂದು ಮಗುವನ್ನು ಮಣ್ಣಿಗಿಟ್ಟವನು.

ಆಮೇಲೆ ದೊಡ್ಡಾಯಿ ಮುಚ್ಚಿಡಲಿಲ್ಲ. “ಯನ್ನ ಮಾಣಿ ಇದ್ದಿದ್ರೆ ಇವನ ಸಂತಿಗೇ ಶಾಲಿಗೆ ಹೋಗ್ತಿದ್ದ” ಎಂದು ಬಂದವರೆದುರೇ ನನ್ನ ತಲೆ ಸವರುತ್ತಿದ್ದಳು. ನನ್ನನ್ನು ಶಾಲೆಗೆ ಹಾಕಿದ ವರ್ಷ ಪೇಟೆಯಿಂದ ಎರಡು ಪಾಟಿ ತರಿಸಿದಳು. ಒಂದು ನನಗೆ, ಇನ್ನೊಂದು ಅಂಬಿಗನ ಮೊಮ್ಮಗನಿಗೆ. ಮುಂದೆ ಪುಸ್ತಕ, ಛತ್ರಿ, ಪರೀಕ್ಷೆಯ ಫೀಸು, ನಾವಿಬ್ಬರೂ ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಹಾಗೇ ನಡೆಯಿತು. ದುಡ್ಡು ಕೊಡುತ್ತಿದ್ದವ ದೊಡ್ಡಪ್ಪ. ಲೆಕ್ಕದ ಪುಸ್ತಕದಲ್ಲಿ ಆ ಖರ್ಚನ್ನೆಲ್ಲ ಅವನು ಮಗನ ಹೆಸರಿಗೇ ಬರೆದಿದ್ದ.