ಬಾರದ ಸಂಚಿಕೆ

ಅಮೆರಿಕೆಗೆ ಓದಲು ಹೋದ ಅಣ್ಣ ನನಗೆ ‘ಸಿಲ್ವರ್ ಸರ್ಫರ್’ ಚಿತ್ರಕಥೆಯ ಸಂಚಿಕೆಗಳನ್ನು ಕಳುಹಿಸುತ್ತಿದ್ದ. ಬೆಳ್ಳಿಮೈಯ ಆ ಗಗನಸಂಚಾರಿ, ಲೋಕಗಳನ್ನೇ ನುಂಗುವ ಗ್ಯಾಲಕ್ಟಸನ ದೂತ. ಭೂಮಿಯನ್ನುಳಿಸಲು ಒಡೆಯನನ್ನೇ ಎದುರಿಸಿದ. ಅದಕ್ಕೆ ಶಿಕ್ಷೆಯಾಗಿ ಭೂಮಿಯೇ ಅವನ ಸೆರೆಮನೆಯಾಯಿತು. ಪ್ರೇಯಸಿ ಶಲ್ಲಾ ಬಾಲ್ ದೂರದ ತಾಯ್ನೆಲದಲ್ಲಿಯೇ ಉಳಿದಳು. ಸ್ಟ್ಯಾನ್ ಲೀ ಅವನಿಂದ ಆಡಿಸಿದ ಮಾತುಗಳು ಕಂಪನಿ ನಾಟಕದ ರಾಜನ ಮಾತಿನಂತೆ ತುಸು ಉದ್ದವೇ ಸರಿ. ಜಾನ್ ಬುಸೆಮಾ ಬಿಡಿಸಿದ ಆ ಬಾಗಿದ ತಲೆಯೊಂದೇ ನನಗೆ ಸಾಕಾಗಿತ್ತು.

1968ರಲ್ಲಿ ಆರಂಭವಾದ ಮಾಲಿಕೆ 1970ರಲ್ಲಿ 18ನೆಯ ಸಂಚಿಕೆಗೇ ನಿಂತಿತು. ಅದರ ಕೊನೆಯಲ್ಲಿ ನಾಯಕ ಮನುಷ್ಯಕುಲದ ಮೇಲೆಯೇ ಸಿಡಿದೆದ್ದಿದ್ದ. ಮುಂದೇನು? 19ನೆಯದನ್ನೇಕೆ ಕಳುಹಿಸಲಿಲ್ಲವೆಂದು ಮುನಿದು ಬರೆದೆ.

‘ಅದು ಅಚ್ಚೇ ಆಗಲಿಲ್ಲವೋ. ನಾನೂ ಈ ವರ್ಷ ಬರಲಾರೆ. ಅಮ್ಮನಿಗೆ ನೀನೇ ಹೇಳು’ ಎಂದು ಅಣ್ಣನ ಉತ್ತರ ಬಂದಿತು.

ಕಾಗದವನ್ನು ಆ ಸಂಚಿಕೆಯೊಳಗಿಟ್ಟು ಎರಡು ದಿನ ಸುಮ್ಮನಿದ್ದೆ.